ಐದನೆಯವನ ಮುಖ

ಕಥೆ ಅಂದ ಕೂಡಲೇ ಗೋಡೆಗೆ ಒರಗಿದ್ದವರೂ ನೆಟ್ಟಗಾದಿರಿ, ನೋಡಿ! ಇಷ್ಟು ಹೊತ್ತು ಹೇಳಿದ ಶಾಸ್ತ್ರ ಯಾರ ಕಿವಿಗೆ ಬಿತ್ತೋ, ಆ ಶಿವನೇ ಬಲ್ಲ. ಇರಲಿ. ಒಂದು ಊರು, ಅಲ್ಲೊಬ್ಬ ಸಿರಿವಂತ. ಹೆಸರು ಬೇಡ. ಹೆಸರು ಹೇಳಿದರೆ ನೀವು ಪಕ್ಕದವರ ಕಡೆ ತಿರುಗುತ್ತೀರಿ.

ಈ ಸಿರಿವಂತನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಚಟ, ಒಂದು ಹಳೆಯ ಕಪ್ಪು ಬಿಳುಪಿನ ಸಿನಿಮಾ. ಮಠದಲ್ಲಿ ಸಿನಿಮಾ ಮಾತೇ ಅಂತ ಹುಬ್ಬೇರಿಸಬೇಡಿ. ಈ ಕಾವಿ ಉಡುವ ಮೊದಲು ನಾನೂ ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದವನೇ. ಐದು ಜನ ಸೇರಿ ಚಿನ್ನದಂಗಡಿಯ ತಿಜೋರಿ ಒಡೆಯುವ ಕಥೆ ಅದು. ಇಡೀ ಸಿನಿಮಾದಲ್ಲಿ ಬೆಳಕಿಗಿಂತ ನೆರಳು ಹೆಚ್ಚು. ಅರ್ಧ ಮುಖ ಕಂಡರೆ ಇನ್ನರ್ಧ ಕಾಣದು. ಮನೆಗೆ ಯಾರು ಬಂದರೂ ಇವನು ಕೂರಿಸಿ ತೋರಿಸುತ್ತಿದ್ದ.

“ಹೀರೋನ ಬಿಡ್ರೀ, ಅವನದು ಬರೀ ಕ್ರಾಪು. ಈ ಸಣ್ಣಪುಟ್ಟ ಪಾರ್ಟಿನೋರನ್ನ ನೋಡ್ರೀ!” ಎನ್ನುತ್ತಿದ್ದ.

ಸುಳ್ಳಲ್ಲ. ಬೀಗ ತೆಗೆಯುವ ಮುದುಕ ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ತಿಜೋರಿಗೆ ಕಿವಿ ಹಚ್ಚುತ್ತಾನೆ. ಹೊರಗೆ ಕಾರಿನಲ್ಲಿ ಕಡಲೆಕಾಯಿ ತಿನ್ನುತ್ತ ಕೂತ ಡ್ರೈವರು ಅಗಿಯುವುದನ್ನು ತಟ್ಟನೆ ನಿಲ್ಲಿಸುತ್ತಾನೆ. ಮಾತಿಲ್ಲ, ಸಂಗೀತವಿಲ್ಲ. ಒಂದು ದವಡೆ ನಿಂತದ್ದಕ್ಕೆ ನೋಡುವವರ ಎದೆ ಝಲ್ ಎನ್ನುತ್ತದೆ! ಅವರಲ್ಲೆಲ್ಲ ಐದನೆಯವನೇ ಮೇಲು. ಅವನು ಜೊತೆಗಾರರ ಭುಜ ತಟ್ಟುತ್ತಾನೆ, ತುಟಿಯ ಒಂದೇ ಕೊನೆಯಲ್ಲಿ ನಗುತ್ತಾನೆ, ಹೋಗಿ ಪೊಲೀಸರಿಗೆ ಹೇಳಿಬಿಡುತ್ತಾನೆ. ಎಷ್ಟು ಸಲ ನೋಡಿದ್ದರೂ ಆ ನಗು ಬಂದಾಗ ಸಿರಿವಂತನ ಅಂಗೈ ಬೆವರುತ್ತಿತ್ತು. ಈ ಸಲವಾದರೂ ಇವನು ಹೇಳದಿರಲಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದ.

“ಎಂಥಾ ನಟ ರೀ! ಮುಖದಲ್ಲೇ ದ್ರೋಹ ಬರೆದಿದೆ!”

ನೋಡಿ, ನಟನನ್ನು ಹೊಗಳಲು ಹೊರಟವನು ಮುಖಕ್ಕೆ ಬಂದು ನಿಂತ. ಎಡವಿದ್ದು ಅಲ್ಲೇ.

ಈ ಸಿರಿವಂತನಿಗೆ ಒಬ್ಬಳೇ ಮಗಳು. ಹಿಂದೊಮ್ಮೆ ಸಂಬಂಧ ಕೂಡಿಬಂದು ಮುರಿದಿತ್ತು. ಈಗ ಇನ್ನೊಂದು ಒಳ್ಳೆಯ ಮನೆಯವರು ಹೆಣ್ಣು ನೋಡಲು ಬಂದರು. ಹುಡುಗ, ಹುಡುಗನ ತಾಯಿ, ಜೊತೆಗೆ ಅವನ ತಾತ. ಸೆಕೆಯ ಮಧ್ಯಾಹ್ನ. ತಾತ ಕರಿಕೋಟು ಕಳಚಿ ಪಡಸಾಲೆಯ ಗೂಟಕ್ಕೆ ಹಾಕಿ, ಸಿರಿವಂತನ ಭುಜ ತಟ್ಟಿ ನಕ್ಕರು. ತುಟಿಯ ಒಂದೇ ಕೊನೆಯಲ್ಲಿ!

“ಸ್ವಾಮಿ, ನೀವು... ಆ ಪಿಕ್ಚರ್‌ನಲ್ಲಿ ಐದನೆಯವರು?”

“ಅಯ್ಯೋ, ಅದನ್ನ ನೋಡಿದೋರು ಇನ್ನೂ ಇದೀರಾ!” ಎಂದು ತಾತ ಹಿಗ್ಗಿದರು. “ಅದು ಬಂದ್ಮೇಲೆ ನಮ್ಮ ಬೀದಿ ಕಿರಾಣಿ ಅಂಗಡಿಯೋನು ನನ್ನ ಕಂಡ್ರೆ ಗಲ್ಲಾ ಮುಚ್ಚೋನು ಕಣ್ರೀ. ಅದನ್ನೇ ಪ್ರಶಸ್ತಿ ಅಂದ್ಕೊಂಡೆ. ಬೇರೆ ಯಾರು ಕೊಡ್ತಾರೆ?”

ಎಲ್ಲರೂ ನಕ್ಕರು. ಸಿರಿವಂತನೂ ನಕ್ಕ. ನಕ್ಕು ಮುಗಿಯುವ ಮೊದಲೇ ಒಂದು ಹುಳ ತಲೆ ಹೊಕ್ಕಿತು. ಅಂಗಡಿಯವನು ಸುಮ್ಮನೆ ಗಲ್ಲಾ ಮುಚ್ಚುತ್ತಿದ್ದನೇ? ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ಬಾಯಲ್ಲಿ ಉಪಚಾರ, ಎದೆಯಲ್ಲಿ ಡವಡವ. ಅಷ್ಟರಲ್ಲಿ ತಾತ ಕೈ ತೊಳೆಯಲೆಂದು ಎದ್ದು ನಡುಮನೆ ದಾಟಿ ಹಿತ್ತಿಲಿಗೆ ಹೋದರು. ನಡುಮನೆಯ ತಟ್ಟೆಯಲ್ಲಿ ಮಗಳಿಗೆ ತೊಡಿಸಲೆಂದು ತೆಗೆದಿಟ್ಟ ಕಾಸಿನ ಸರವಿತ್ತು! ಸಿರಿವಂತ ಬಿದ್ದೆನೋ ಎದ್ದೆನೋ ಎಂದು ಓಡಿದ. ಸರ ಇನ್ನೂ ಅಲ್ಲೇ ಇತ್ತು. ಬಾಚಿಕೊಂಡು ಬಂದು, ಯಾರೂ ನೋಡದಂತೆ ಗೂಟದ ಮೇಲಿದ್ದ ತನ್ನ ಕೋಟಿನ ಜೇಬಿಗೆ ತುರುಕಿದ. ಉಸಿರು ಬಿಟ್ಟು ಚಾಪೆಯ ಮೇಲೆ ಕೂತ. ಜಾಣ!

ತಾತ ಬಂದು ಕೂತರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹೆಂಡತಿಯ ದನಿ. “ಏನೂಂದ್ರೆ, ಸರ ಎಲ್ಲಿ? ತಟ್ಟೆ ಬರಿದಾಗಿದೆ!”

ಸಿರಿವಂತ ಮೀಸೆಯಲ್ಲೇ ನಗುತ್ತ ಎದ್ದು ಕೋಟಿನ ಜೇಬಿಗೆ ಕೈ ಹಾಕಿದ. ಜೇಬು ಖಾಲಿ. ಇನ್ನೊಂದು ಜೇಬು, ಅದೂ ಖಾಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ತಡೆಯುವ ಮೊದಲೇ ಆಡಿಬಿಟ್ಟ.

“ನಡುಮನೆಗೆ ಹೋಗಿದ್ದು ಇವರೊಬ್ಬರೇ.”

ಹುಡುಗನ ತಾಯಿ ಎದ್ದು ನಿಂತರು. ಕಾಫಿ ತಟ್ಟೆ ಹಿಡಿದ ಮಗಳು ಬಾಗಿಲಲ್ಲೇ ನಿಂತಳು. ತಾತ ಸಿಟ್ಟಾಗಲಿಲ್ಲ. “ಜೇಬು ನೋಡ್ಕೊಳ್ಳಿ, ಅದರಲ್ಲೇನಿದೆ,” ಎಂದು ತಮ್ಮ ಕೋಟನ್ನು ಗೂಟದಿಂದ ತೆಗೆದು ಜೇಬನ್ನು ಹೊರಮಗುಚಿದರು. ಕರವಸ್ತ್ರ ಬಿತ್ತು. ಅದರ ಹಿಂದೆಯೇ, ಎಲ್ಲರ ಕಣ್ಣೆದುರು, ಕಾಸಿನ ಸರ ಚಾಪೆಯ ಮೇಲೆ ಬಿತ್ತು.

ಅಯ್ಯೋ! ಎರಡೂ ಕರಿಕೋಟು, ಒಂದರ ಪಕ್ಕ ಒಂದು. ಅವಸರದಲ್ಲಿ ತಾನೇ ಅವರ ಜೇಬಿಗೆ ತುರುಕಿದ್ದು ಸಿರಿವಂತನಿಗೆ ಆಗ ಹೊಳೆಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ಕೈ ತಾನಾಗಿ ತನ್ನ ಕೋಟಿನ ಕಡೆ ಹೋಯಿತು. ತಾತ ಆ ಕೈಯನ್ನು ನೋಡಿದರು. ಗೂಟದಲ್ಲಿದ್ದ ಕೋಟನ್ನು ನೋಡಿದರು. ಅವರಿಗೆ ತಿಳಿಯಿತು.

ಈಗ ಸಿರಿವಂತ ಏನು ಹೇಳಬೇಕು? ‘ನಾನೇ ಇಟ್ಟೆ, ತಪ್ಪಾಯಿತು’ ಅನ್ನಬೇಕು. ಎಷ್ಟು ಕಷ್ಟ ಅದು? ಆದರೆ ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಮಗಳ ಸಂಬಂಧ ಹೋಗುತ್ತದೆ, ಒಬ್ಬ ಹಿರಿಯರ ಮರ್ಯಾದೆ ಹೋಗುತ್ತದೆ. ಮಗಳು ಅವನನ್ನೇ ನೋಡುತ್ತಿದ್ದಳು. ಹೇಳಲಿಲ್ಲ ನೋಡಿ, ಹೇಳಲಿಲ್ಲ!

ತಾತನೇ ನಕ್ಕರು.

“ಎಲ್ಲಾ ಹೆದರಿಬಿಟ್ರಾ? ಬೀಗರಿಗೆ ಆ ಪಾತ್ರ ಇನ್ನೂ ನೆನಪಿದೆಯಲ್ಲಪ್ಪ. ಅದಕ್ಕೇ ಇನ್ನೊಂದ್ಸಲ ಮಾಡಿ ತೋರಿಸ್ದೆ. ಬಾಮ್ಮ, ಸರ ಹಾಕ್ಕೋ.”

ಹಿಡಿದಿಟ್ಟ ಉಸಿರು ಎಲ್ಲರ ಬಾಯಿಂದಲೂ ನಗೆಯಾಗಿ ಹೊರಬಂತು. ಹುಡುಗ ಮಾತ್ರ ಗದರಿದ. “ತಾತ, ತಮಾಷೆಗೂ ಒಂದು ಮಿತಿ ಬೇಡ್ವಾ?” ಅವನ ತಾಯಿಯೂ ಗೊಣಗಿದರು. “ಇಷ್ಟು ವಯಸ್ಸಾದ್ರೂ ಇವರಿಗೆ ಬುದ್ಧಿ ಬರ್ಲಿಲ್ಲ.” ತಾತ ತಲೆ ತಗ್ಗಿಸಿ ಬೈಸಿಕೊಂಡರು. ಅಂದು ಸಂಬಳಕ್ಕೆ ಕಳ್ಳನಾಗಿದ್ದವರು ಇಂದು ಇನ್ನೊಬ್ಬನ ಮಾನಕ್ಕೆ ಕಳ್ಳನಾದರು. ಸಂಬಂಧ ಕುದುರಿತು. ಸಿಹಿ ತಿಂದರು. ಸಿರಿವಂತ ಮಾತ್ರ ತನ್ನ ಸಿಹಿಯನ್ನು ತಟ್ಟೆಯಲ್ಲೇ ಬಿಟ್ಟ.

ಹೊರಡುವಾಗ ಅವನು ತಾತನನ್ನು ಬಾಗಿಲ ಮರೆಗೆ ಕರೆದು ಎರಡೂ ಕೈ ಹಿಡಿದುಕೊಂಡ. “ಕ್ಷಮಿಸಿ, ಯಜಮಾನ್ರೇ. ಸರ ಇಟ್ಟೋನು ನಾನೇ.”

“ಗೊತ್ತಾಯ್ತು ಬಿಡಿ,” ಎಂದರು ತಾತ. “ಪಾರ್ಟು ಹೆಂಗ್ ಮಾಡ್ದೆ? ಅದು ಹೇಳಿ.”

ವರ್ಷಗಟ್ಟಲೆ ಆ ನಟನನ್ನು ಕೊಂಡಾಡಿದ ಬಾಯಿ ಅದು. ಅವತ್ತು ಸಿರಿವಂತ ಹೊಗಳುವ ಬದಲು ಅವರ ಕರಿಕೋಟನ್ನು ತಾನೇ ಹಿಡಿದು ತೊಡಿಸಿದ.

ಆಮೇಲೆ ಅವನು ಒಳಗೆ ಹೋಗಿ ಹೆಂಡತಿ ಮಗಳ ಮುಂದೆ, ಬೀಗರ ಮುಂದೆ ನಿಜ ಹೇಳಿದನೇ ಸ್ವಾಮೀಜಿ ಅಂತ ಕೇಳುತ್ತೀರಿ. ನನ್ನನ್ನು ಯಾಕೆ ಕೇಳುತ್ತೀರಿ? ನೀವು ಹೇಳುತ್ತಿದ್ದಿರಾ? ಮೊನ್ನೆ ಮನೆಯಲ್ಲಿ ಉಂಗುರ ಕಾಣದಾದಾಗ ಕೆಲಸದವಳ ಕಡೆ ನೋಡಿದಿರಲ್ಲ, ಬಾಯಲ್ಲಿ ಏನೂ ಅನ್ನದೆ ಬರೀ ನೋಡಿದಿರಲ್ಲ, ಅದು ಸಿಕ್ಕ ಮೇಲೆ ಏನು ಮಾಡಿದಿರಿ? ಬೆರಳಿಗೆ ಹಾಕಿಕೊಂಡು ಸುಮ್ಮನಾದಿರಿ. ನಟನಾದರೆ ಆಟ ಮುಗಿದ ಮೇಲೆ ಬಣ್ಣ ತೊಳೆದುಕೊಳ್ಳುತ್ತಾನೆ. ನಾವು ಮುಖ ನೋಡಿ ಮಣೆ ಹಾಕುವವರು, ಬಡವರ ಮುಖಕ್ಕೆ ನಾವೇ ಬಣ್ಣ ಬಳಿಯುತ್ತೇವೆ, ತೊಳೆದುಕೊಳ್ಳಲು ನೀರೂ ಕೊಡುವುದಿಲ್ಲ.

ಇವತ್ತು ಮನೆಗೆ ಹೋದವರು ಇಷ್ಟು ಮಾಡಿ. ಏನಾದರೂ ಕಳೆದರೆ ಮೊದಲು ನಿಮ್ಮ ಜೇಬು, ನಿಮ್ಮ ಬೀರು, ನಿಮ್ಮ ದಿಂಬಿನ ಅಡಿ ನೋಡಿಕೊಳ್ಳಿ. ಅಲ್ಲಿಯವರೆಗೆ ಬಾಯಿ ಮುಚ್ಚಿರಿ, ಕಣ್ಣನ್ನೂ ಹತೋಟಿಯಲ್ಲಿಡಿ. ಆಗಲೇ ಯಾರನ್ನಾದರೂ ಅನುಮಾನಿಸಿದ್ದರೆ, ಅವರು ತಪ್ಪಿಲ್ಲದವರೆಂದು ತಿಳಿದಿದ್ದರೆ, ನಾಳೆಯೇ ಅವರ ಮುಂದೆ ನಿಂತು ತಪ್ಪಾಯಿತು ಅನ್ನಿ. ಗುಟ್ಟಾಗಿ ಅಲ್ಲ. ನಾಲ್ಕು ಜನರೆದುರು ಹೊರಿಸಿದ ಹೊರೆಯನ್ನು ನಾಲ್ಕು ಜನರೆದುರೇ ಇಳಿಸಬೇಕು, ಬಾಗಿಲ ಮರೆಯಲ್ಲಿ ಇಳಿಸಿದರೆ ಅದು ಇಳಿಯುವುದಿಲ್ಲ.