ಹಳದಿ ಕವರಿನ ಮಣ್ಣು

ದೀಪ ಹಾಗೇ ಉರೀಲಿ, ಬಾಗಿಲು ಮಾತ್ರ ಹಾಕಿ. ಇದು ನನ್ನ ದೊಡ್ಡಪ್ಪನ ಮಗನಿಗೆ ಆದದ್ದು. ಅಣ್ಣ ಅಂತಲೇ ಕರೆಯೋದು ನಾನು. ಕೇಳಿ ನೀವು ಹೆದರಿದರೆ ಹೆದರಿಕೊಳ್ಳಿ. ನನಗಂತೂ ಹೇಳುವಾಗೆಲ್ಲ ಹೆದರಿಕೆಗಿಂತ ಸಿಟ್ಟೇ ಜಾಸ್ತಿ ಬರುತ್ತೆ.

ಅವತ್ತು ಅಣ್ಣ ಧಣಿಯ ಟ್ರಾಕ್ಟರ್ ಶೆಡ್ಡಿಗೆ ಬೀಗ ಹಾಕಿ ಮನೆಗೆ ಹೊರಟಾಗ ರಾತ್ರಿ ಹತ್ತೂವರೆ ಗಂಟೆ. ಶೆಡ್ಡಿನಿಂದ ಐವತ್ತು ಹೆಜ್ಜೆಗೆ ಒಂದು ಬಾವಿ. ಅದನ್ನ ದಾಟಿ ನಾಲ್ಕು ಹೆಜ್ಜೆ ಹಾಕಿದ್ದಾನೆ... ಹಿಂದೆ ರಾಟೆ ತಿರುಗಿತು. ಕಿರ್ರ್... ಕಿರ್ರ್... ಆಮೇಲೆ ದುಬುಕ್ ಅಂತ ಬಕೆಟ್ಟು ನೀರಿಗೆ ಬಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ಹಗ್ಗ ಮಾತ್ರ ಮೇಲೆ ಬರ್ತಿತ್ತು.

ಅಷ್ಟು ಹೊತ್ತಿನ ತನಕ ಶೆಡ್ಡಲ್ಲಿ ಏನು ಮಾಡ್ತಿದ್ದ ಅಂತೀರಾ? ಮಣ್ಣು ಮೆತ್ತುತ್ತಿದ್ದ. ಅದನ್ನ ಮೊದಲು ಹೇಳಿಬಿಡ್ತೀನಿ.

ಟ್ರಾಕ್ಟರಿನ ಹಿಂದೆ ಕಟ್ಟೋ ರೋಟರಿ ಕಟರ್ ನೋಡಿದೀರಲ್ಲ. ಮೇಲೆ ಕಬ್ಬಿಣದ ಮುಚ್ಚಳ, ಕೆಳಗೆ ಗರಗರ ಸುತ್ತೋ ಎರಡು ಬ್ಲೇಡು. ಆಳೆತ್ತರದ ಹುಲ್ಲು, ಮುಳ್ಳುಪೊದೆ ಎಲ್ಲ ಸವರಿ ಹಾಕುತ್ತೆ. ಟ್ರಾಕ್ಟರಿನಿಂದ ಆ ಯಂತ್ರಕ್ಕೆ ಒಂದು ಕಬ್ಬಿಣದ ಶಾಫ್ಟು. ಸೆಕೆಂಡಿಗೆ ಒಂಬತ್ತು ಸುತ್ತು ಸುತ್ತುತ್ತೆ. ಅಂಗಿಯ ತುದಿ ಸಿಕ್ಕಿದರೆ ಸಾಕು, ಮನುಷ್ಯನನ್ನೇ ಸುತ್ತಿಕೊಳ್ಳುತ್ತೆ. ಹಾಗಾಗದಿರಲಿ ಅಂತಲೇ ಅದರ ಮೇಲೆ ಹಳದಿ ಪ್ಲಾಸ್ಟಿಕ್ ಕವರ್ ಇರೋದು.

ಅದನ್ನ ಓಡಿಸುತ್ತಿದ್ದವನಿಗೆ ಎಲ್ಲರೂ ಚೊಕ್ಕಣ್ಣ ಅಂತ ಹೆಸರಿಟ್ಟಿದ್ದರು. ದಿನಾ ಕೆಲಸ ಮುಗಿದ ಮೇಲೆ ಯಂತ್ರಕ್ಕೆ ಸ್ನಾನ ಮಾಡಿಸದೆ ಮನೆಗೆ ಹೋದವನಲ್ಲ. ಅಣ್ಣನಿಗೆ ಕೆಲಸ ಕಲಿಸಿದವನೂ ಅವನೇ. ಕವರ್ ಒಡೆದಾಗ ಚೊಕ್ಕಣ್ಣ ಮೂರು ಸಲ ಧಣಿ ಹತ್ತಿರ ಹೇಳಿದ. ಮೂರನೇ ಸಲ ಧಣಿ ಏನಂದ ಗೊತ್ತಾ? "ಕವರ್ ಬಂದು ಹುಲ್ಲು ಕೊಯ್ಯುತ್ತೇನೋ? ಸುಮ್ನೆ ಗಾಡಿ ಹತ್ತು."

ಹತ್ತಿದ. ಹುಲ್ಲಿನ ಜೊತೆ ತಂತಿ ಸುತ್ತಿಕೊಂಡಿತು ಅಂತ ಶಾಫ್ಟು ನಿಲ್ಲಿಸಿಯೇ ಇಳಿದಿದ್ದ. ಶಾಫ್ಟು ನಿಲ್ಲಿಸೋ ಲಿವರೂ ಸವೆದಿತ್ತು. ಜಾರಿತು. ಶಾಫ್ಟು ತಿರುಗಿತು... ಅಷ್ಟೇ. ಮುಂದಿನದನ್ನ ನಾನು ಹೇಳಲ್ಲ. ಅಲ್ಲಿದ್ದವನು ಅಣ್ಣ ಒಬ್ಬನೇ.

ಮೂರನೇ ದಿನ ಧಣಿ ಹೊಸ ಲಿವರು, ಹೊಸ ಕವರು ತಂದು ಅಣ್ಣನ ಕೈಗೆ ಕೊಟ್ಟ. "ಹಾಕು. ಹಳೇದು ಕಾಣೋ ಹಾಗೆ ಮಣ್ಣು ಮೆತ್ತು. ಸೋಮವಾರ ತಪಾಸಣೆಗೆ ಬರ್ತಾರೆ. ಕವರ್ ಇತ್ತು, ಅವನೇ ಕುಡಿದು ಬಿದ್ದ ಅಂತ ಹೇಳು." ಸಾಲದ್ದಕ್ಕೆ ಅಣ್ಣನನ್ನೂ ಕರಕೊಂಡು ಚೊಕ್ಕಣ್ಣನ ಮನೆ ಬಾಗಿಲಿಗೇ ಹೋಗಿ ಅವನ ಹೆಂಡತಿಗೂ ಅದನ್ನೇ ಹೇಳಿದ. ಆಕೆ ಧಣಿಯನ್ನ ನೋಡಲೇ ಇಲ್ಲ. ಅಣ್ಣನನ್ನ ಕೇಳಿದಳು, "ಜೀವಮಾನದಲ್ಲಿ ಅವರು ಕುಡಿದದ್ದು ನೋಡಿದೀಯೇನಪ್ಪ?" ಅಣ್ಣ ತುಟಿ ಪಿಟಕ್ಕೆನ್ನಲಿಲ್ಲ. ಕೆಲಸ ಹೋಗುತ್ತೆ ಅನ್ನೋ ಭಯ. ನನ್ನ ಅಣ್ಣನೇ ಇರಬಹುದು, ನೆನೆಸಿಕೊಂಡರೆ ಈಗಲೂ ಎರಡು ಬಾರಿಸೋಣ ಅನಿಸುತ್ತೆ.

ಶನಿವಾರ ಮಣ್ಣು ಮೆತ್ತಿದ. ಭಾನುವಾರ ಬೆಳಿಗ್ಗೆ ನೋಡಿದರೆ ಕವರ್ ಫಳಫಳ. ಕಂಪನಿಯ ಚೀಟಿ ಸಮೇತ ಕಾಣ್ತಿತ್ತು. "ಮೆತ್ತೋಕೂ ಬರಲ್ವೇನೋ ನಿಂಗೆ?" ಅಂತ ಧಣಿ ಬೈದ. ಭಾನುವಾರ ಮತ್ತೆ ಕೂತ. ಈ ಸಲ ಸುಟ್ಟ ಆಯಿಲ್ ಕಲಸಿ, ಉಜ್ಜಿ ಉಜ್ಜಿ ಮೆತ್ತಿದ. ಬೀಗ ಹಾಕಿ ಹೊರಟ... ಆಗಲೇ ಬಾವಿ ಹತ್ತಿರ ಆ ಸದ್ದು.

ಹಗ್ಗ ನಿಂತಿತು. ಒದ್ದೆ ಹೆಜ್ಜೆ, ಪಚಕ್... ಪಚಕ್... ಶೆಡ್ಡಿನ ಕಡೆಗೆ ಹೋಯಿತು. ಆಮೇಲೆ ಒಳಗಿನಿಂದ ತಗಡಿನಲ್ಲಿ ಕೆರೆಯೋ ಸದ್ದು. ಕರಕ್... ಕರಕ್... ಮಧ್ಯೆ ಬಟ್ಟೆ ಹಿಂಡಿದ ಹಾಗೆ ತೊಟ ತೊಟ ನೀರು.

ಅಣ್ಣ ವಾಪಸ್ಸು ಹೋದ. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಬಾಗಿಲಿಗೆ ಬಾಯಿ ಇಟ್ಟು ಪಿಸುಗುಟ್ಟಿದ.

"ಯಾರು?"

ಕೆರೆಯೋದು ನಿಂತಿತು.

"ನಾನೇ ಕಣೋ."

ಅಣ್ಣ ಬಾಗಿಲಿಗೆ ಕಿವಿ ಇಟ್ಟ.

"ಯಾರೋ ಮಣ್ಣು ಮೆತ್ತಿದಾರೆ ನೋಡೋ. ನೀನು ಹೋಗಿ ಮಲಗು, ನಾನು ತೊಳೀತೀನಿ."

ಚೊಕ್ಕಣ್ಣನದೇ ಧ್ವನಿ. ಬೈಗುಳ ಇಲ್ಲ, ಶಾಪ ಇಲ್ಲ. ಯಾರು ಮೆತ್ತಿದ್ದು ಅಂತ ಕೂಡ ಅವನಿಗೆ ಗೊತ್ತಿಲ್ಲ! ಬೈದಿದ್ದರೆ ತಡ್ಕೊಳ್ತಿದ್ದೆ ಅಂತಾನೆ ಅಣ್ಣ. ಬೆಳಗಾಗೋ ತನಕ ಆ ಬಾಗಿಲ ಹೊರಗೇ ಕುಕ್ಕರಗಾಲಲ್ಲಿ ಕೂತಿದ್ದನಂತೆ.

ಸೋಮವಾರ ಅಧಿಕಾರಿ ಬಂದರು. ಹೆಂಗಸು, ಮಾತು ಕಮ್ಮಿ. ಅವರ ಎದುರೇ ಧಣಿ ಬೀಗ ತೆಗೆದ. ಕವರಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಇದನ್ನ ಹಾಕಿ ಎಷ್ಟು ದಿನ ಆಯ್ತು?"

"ಎರಡು ವರ್ಷ ಮೇಡಂ," ಅಂದ ಧಣಿ. ಅವನ ಮುಖ ನೋಡಬೇಕಿತ್ತು.

ಅವರು ಅಣ್ಣನ ಕಡೆ ತಿರುಗಿದರು. ಅಣ್ಣ ಹೇಳಿಬಿಟ್ಟ. "ಅವನು ಸತ್ತ ಮೂರನೇ ದಿನ ಹಾಕಿದ್ದು. ಲಿವರೂ ಅಷ್ಟೇ. ಹಾಕಿದವನು ನಾನೇ. ಮಣ್ಣು ಮೆತ್ತಿದವನೂ ನಾನೇ. ಅವನು ಒಂದು ತೊಟ್ಟೂ ಕುಡೀತಿರಲಿಲ್ಲ."

ಕೆಲಸ ಅವತ್ತೇ ಹೋಯಿತು. ಹೋಗಲಿ. ಅಲ್ಲಿಂದ ಸೀದಾ ಚೊಕ್ಕಣ್ಣನ ಮನೆಗೆ ಹೋಗಿ, "ಅತ್ತಿಗೆ, ನಿಜ ಹೇಳಿ ಬಂದೆ" ಅಂದ. ಆಕೆ ಏನು ಸಮಾಧಾನ ಮಾಡ್ತಾಳಾ? "ಅವತ್ತು ನಾನು ಕೇಳಿದಾಗ ಹೇಳೋಕೆ ನಿಂಗೇನು ದಾಡಿ ಆಗಿತ್ತು?" ಅಂದು ಬಾಗಿಲು ಹಾಕಿಕೊಂಡಳು. ಸರಿಯಾಗೇ ಕೇಳಿದಳು.

ಅಣ್ಣನ ಭ್ರಮೆ ಅಂತೀರಾ? ಅನ್ನಿ. ಆದರೆ ಅಧಿಕಾರಿ ಅವತ್ತು ತೆಗೆದ ಫೋಟೋ ಇದೆ, ನಾನೇ ಕಣ್ಣಾರೆ ನೋಡಿದೀನಿ. ಅಣ್ಣ ಬೀಗ ಹಾಕಿದಾಗ ನೆಲದ ಮೇಲಿದ್ದ ಯಂತ್ರ ಅದರಲ್ಲಿ ನೆಲದ ಮೇಲಿಲ್ಲ. ಮೊಣಕಾಲೆತ್ತರಕ್ಕೆ ಎದ್ದು ಎರಡು ಮರದ ದಿಮ್ಮಿ ಮೇಲೆ ಕೂತಿದೆ, ಅಡಿ ತೊಳೆಯೋಕೆ ಎತ್ತಿ ಇಡ್ತಾರಲ್ಲ, ಹಾಗೆ. ನಾಲ್ಕು ಕ್ವಿಂಟಾಲ್ ತೂಕ. ಅದನ್ನ ಎತ್ತಬೇಕಾದರೆ ಟ್ರಾಕ್ಟರಿನ ಇಂಜಿನ್ ಓಡಬೇಕು. ಆ ಟ್ರಾಕ್ಟರಿನ ಬ್ಯಾಟರಿ ನಾಲ್ಕು ದಿನದಿಂದ ಧಣಿಯ ಮನೆಯಲ್ಲಿತ್ತು.