ಕುಲುಮೆಯ ಕೆಳಗಿನ ನಾಲ್ಕು ಕಪ್ಪು ಚುಕ್ಕಿ

ನನ್ನ ಹೆಸರು, ವಿಳಾಸವನ್ನು ಮೇಲಿನ ಕಲಂಗಳಲ್ಲಿ ಬರೆಸಿದ್ದೇನೆ. ವಯಸ್ಸು 41 ವರ್ಷ. ಉದ್ಯೋಗ: ಕಾರ್ಖಾನೆಗಳ ಬಿಸಿ, ಬೂದಿಯ ನಡುವೆ ಕೆಲಸ ಮಾಡುವ ಕ್ಯಾಮೆರಾ ಸೆನ್ಸರ್‌ಗಳ ವಿನ್ಯಾಸ. ಈ ಮೂಲಕ ತಿಳಿಸುವುದೇನೆಂದರೆ,

ಇಂದು ಬೆಳಿಗ್ಗೆ 10.40ಕ್ಕೆ ನಾನು ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಜೊತೆ ಇದ್ದೆ. ಎಲ್ಲರೂ ದೊಡ್ಡಪ್ಪ ಎಂದು ಕರೆಯುವ ಹಿರಿಯ ಫಿಟ್ಟರ್, ಕ್ಯಾಮೆರಾದ ಗಾಜು ಒರೆಸಲು ಕುಲುಮೆಯ ಕೆಳಗಿನ ಬೂದಿ ಕೋಣೆಗೆ ಹೊರಟರು. ಬೂದಿ ಕಂಡರೆ ಕಣ್ಣು ಮುಚ್ಚುವ ಇದಕ್ಕೊಂದು ಕನ್ನಡಕ ಹಾಕಿಸಮ್ಮಾ ಎಂದು ನನ್ನನ್ನು ಛೇಡಿಸಿದರು. ಒಳಗೆ 58 ಡಿಗ್ರಿ ಬಿಸಿ. ಹತ್ತು ನಿಮಿಷಕ್ಕಿಂತ ಹೆಚ್ಚು ಯಾರೂ ಇರಬಾರದು. ಒಳಗಿದ್ದವರ ಮೇಲೆ ಕಣ್ಣಿಡಲೆಂದೇ ನನ್ನ ಸೆನ್ಸರ್ ಹಾಕಿದ್ದು. ಅದು ಬಿಸಿಯನ್ನು ನೋಡುತ್ತದೆ. ಮನುಷ್ಯನ ಮೈ ಕೋಣೆಗಿಂತ ತಣ್ಣಗಿರುವುದರಿಂದ ಪರದೆಯಲ್ಲಿ ಕಪ್ಪಾಗಿ ಕಾಣುತ್ತದೆ.

10.52ಕ್ಕೆ ಪರದೆಯ ಮೂಲೆಯಲ್ಲಿ ನಾಲ್ಕು ಕಪ್ಪು ಚುಕ್ಕಿ ಕಂಡವು. "ಮೇಡಂ, ಅದು ದೊಡ್ಡಪ್ಪ ಅಲ್ವಾ?" ಎಂದು ಆಪರೇಟರ್ ಕೇಳಿದರು. ಬಿಸಿಗೆ ಕೆಟ್ಟ ಸೆನ್ಸರ್ ಬಿಂದುಗಳೂ ಕಪ್ಪಾಗಿಯೇ ಕಾಣುತ್ತವೆ. ನಾವು ಅವನ್ನು ಸತ್ತ ಚುಕ್ಕಿ ಎನ್ನುತ್ತೇವೆ. ಒಂದೂವರೆ ನಿಮಿಷ ಅಲುಗದ ಸಣ್ಣ ಕಪ್ಪನ್ನು ಯಂತ್ರ ತಾನೇ ಅಳಿಸಿ ಸುತ್ತಲಿನ ಬಣ್ಣ ತುಂಬುವಂತೆ ನಾನು ಮಾಡಿದ್ದೆ. ಅದು ಸತ್ತ ಚುಕ್ಕಿ, ನೋಡ್ತಾ ಇರಿ, ತಾನೇ ಹೋಗುತ್ತೆ ಎಂದೆ. ಹೋಯಿತು. ಮಂತ್ರ ಹಾಕಿದ ಹಾಗಾಯಿತು ಎಂದು ಅವರು ನಕ್ಕರು. ನನಗೆ ಜಂಬವೂ ಆಯಿತು. ದೊಡ್ಡಪ್ಪ ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿರಬೇಕು ಎಂದುಕೊಂಡೆವು.

11.25ಕ್ಕೆ ಅವರ ತಮ್ಮ, ಅದೇ ಪಾಳಿಯ ವೆಲ್ಡರ್, ಅಣ್ಣ ಎಲ್ಲಿ ಎಂದು ಕೇಳಿಕೊಂಡು ಬಂದರು. ಮೂವರೂ ಓಡಿದೆವು. ಬಾಗಿಲಿನಿಂದ 14 ಮೀಟರ್ ಒಳಗೆ, ಪೈಪಿನ ಹಿಂದೆ ಬಿದ್ದಿದ್ದರು. ಕ್ಯಾಮೆರಾಕ್ಕೆ ಕಾಣುವಂತಿದ್ದದ್ದು ತಲೆ ಮತ್ತು ಒಂದು ಕೈ ಮಾತ್ರ. ಉಸಿರಿರಲಿಲ್ಲ. ತಮ್ಮ "ಏಳಣ್ಣ, ಊಟದ ಹೊತ್ತಾಯ್ತು" ಎನ್ನುತ್ತಲೇ ಇದ್ದರು. ಆಪರೇಟರ್, ನಾನು ಸೇರಿ ಅವರನ್ನು ಹೊರಗೆ ತಂದೆವು.

12.30ಕ್ಕೆ ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು, ಗಾಜಿಗೆ ಬೂದಿ ಮೆತ್ತಿತ್ತು ಅಂದುಬಿಡಿ, ಎಲ್ಲರಿಗೂ ಒಳ್ಳೆಯದು ಎಂದರು. ಗಾಜಿನ ಮೇಲೆ ಬೂದಿ ಇರಲಿಲ್ಲ. ದೊಡ್ಡಪ್ಪ ಒರೆಸಿದ್ದರು.

1.10ಕ್ಕೆ ಅಳಿಸದ ಮೂಲ ಚಿತ್ರ ತೆರೆದು ನೋಡಿದೆ. 10.58ಕ್ಕೆ ಒಂದು ಚುಕ್ಕಿ ಎರಡು ಸಲ ಮೇಲೆದ್ದು ಇಳಿದಿದೆ. ಅದು ಅವರ ಕೈ. ಒಮ್ಮೆ ಸತ್ತಿದೆ ಎಂದು ಗುರುತಾದ ಚುಕ್ಕಿಯನ್ನೂ ಅದರ ಅಕ್ಕಪಕ್ಕವನ್ನೂ ಯಂತ್ರ ಮತ್ತೆ ನೋಡುವುದಿಲ್ಲ. ಹಾಗೆ ಮಾಡಿದವಳು ನಾನೇ.

ಈ ಹೇಳಿಕೆಯನ್ನು ನನಗೆ ಓದಿ ಹೇಳಿದರು. ನಾನು ಕಂಡದ್ದು, ಮಾಡಿದ್ದು ಇಷ್ಟೇ, ಎಲ್ಲವೂ ನಿಜ. ಮೊದಲ ಪುಟದಲ್ಲಿ 'ಆಕಸ್ಮಿಕ' ಎಂದು ಬರೆದುಕೊಂಡಿದ್ದ ಪದವನ್ನು ನಾನೇ ಕೇಳಿ ಹೊಡೆದುಹಾಕಿಸಿದ್ದೇನೆ.

ಸ್ಥಳ: ಠಾಣೆ
ದಿನಾಂಕ: 14, ಸಂಜೆ 4.35
ಸಹಿ (ಹೊಡೆದ ಪದದ ಪಕ್ಕದಲ್ಲೂ ಸಹಿ ಮಾಡಿದೆ)