ದ್ಯಾಮವ್ವನ ಬೆಳ್ಳಿ ಕಣ್ಣು

...ಅಲ್ಲಿ ಬ್ಯಾಡ್ರಿ ಸಾಹೇಬ್ರ, ಅಲ್ಲಿ ಸಾರಿಸಿದ್ದು ಇನ್ನಾ ಹಸೀ ಐತಿ. ಈ ಕಂಬಳಿ ಮ್ಯಾಲೆ ಕುಂದರ್ರಿ. ಬೆಳಕು ಬರಲಿ ಅಂತ ಬಾಗಲಾ ಪೂರಾ ತಗದೇನಿ, ನೀವು ಬರಕೊಳ್ಳೋರು. ಗಾಳಿ ಜೋರೈತಿ, ಕಾಗದ ಒತ್ತಿ ಹಿಡೀರಿ. ಕೋರ್ಟಿನವರು ಧಾರವಾಡದಿಂದ ನಮ್ಮಂಥವರ ಮನೀತನಕ ಬರೂದಂದ್ರ... ಅಕ್ಕಿಆಲೂರಾಗ ಬಸ್ ಇಳದು ನಡಕೊಂತ ಬಂದ್ರಿ ಅಲ್ರಿ? ಬಿಳೇ ಅಂಗೀಗೆ ಧೂಳ ಹತ್ತಿರತೈತಿ, ಝಾಡಿಸಿಕೋರಿ.

ಏನ್ರಿ? ಖಾಕಿ?

ಹೌದ ಹೌದ, ಖಾಕೀನ. ಬಾಗಲ ಬೆಳಕಿಗೆ ಎದುರ ಕುಂತೇನಲ್ರಿ, ಎಲ್ಲಾ ಬಿಳೇದ ಕಾಣತೈತಿ. ನೀರ ಕುಡೀರಿ. ಬೀಡಿ ಸೇದೋರಿದ್ರ ಹೊರಗ ಕಟ್ಟಿ ಮ್ಯಾಲೆ ಹೋಗಿ ಸೇದಿ ಬರ್ರಿ, ಒಳಗ ದೇವರ ಜಗಲಿ ಐತಿ. ಚಟಾ ಇಲ್ಲಾ? ಭಾಳ ಚಲೋ ಆತ್ರಿ. ನಮ್ಮ ಮನೀಯವರಿಗೆ ಬೀಡಿ ಬಿಡಸಾಕ ನಾ ಮಾಡದ ಉಪವಾಸ ಇಲ್ಲ. ಬೀಡಿ ಬಿಡಲಿಲ್ಲ, ನಮ್ಮನ್ನ ಬಿಟ್ಟು ಹ್ವಾದ್ರು. ಶಿವನ ಇಚ್ಛಾ.

ನಾ ಕೈಕೆಲಸಾ ಮಾಡಕೊಂತ ಮಾತಾಡತೇನಿ, ತಪ್ಪ ತಿಳೀಬ್ಯಾಡ್ರಿ. ಮಿಲ್ಲಿನ ಅಕ್ಕಿ. ಮದಿವಿ ಮನೀಯವರು ಹಸನ ಮಾಡಾಕ ಕೊಟ್ಟಾರ. ಹರಳು, ನೆಲ್ಲು ಆರಿಸಿ ಸಂಜೀಗೆ ಮುಟ್ಟಸಬೇಕು. ಈ ಓಣಿಯೊಳಗ ಅಕ್ಕಿ ಹಸನ ಅಂದ್ರ ಹಾಲವ್ವ. ಬರಕೋರಿ, ಹಾಲವ್ವ, ಭರಮಪ್ಪನ ತಾಯಿ. ಯಾಕ ನಕ್ಕ್ರಿ? ಅಜ್ಜಿ ಅಂತ ತಿಳದಿದ್ರೇನು? ತಲಿ ಲಗೂನ ಬೆಳ್ಳಗಾತ್ರಿ, ಏನ ಮಾಡೂದು. ಭಾಳ ತಡಾ ಆಗಿ ಹೆತ್ತ ಮಗಾ ಅಂವಾ. ಅದೂ ದ್ಯಾಮವ್ವನ ವರ.

ಅಂವಾ ಕದ್ದದ್ದು ಖರೆ. ನಾ ಸುಳ್ಳ ಹೇಳೂದುಲ್ರಿ. ಕದ್ದ, ಅದೂ ಯಾರ ಹತ್ರ? ನಮ್ಮೂರ ದ್ಯಾಮವ್ವನ ಹತ್ರ. ಗುಡಿಯೊಳಗ ನೋಡಿ ಬಂದೀರಲ್ಲ, ಅವ್ವನ ಮುಂದಿನ ಕಂಬಕ್ಕ ಬೆಳ್ಳಿ ಕಣ್ಣು ಕಟ್ಟಿರತಾರ. ಕಣ್ಣಬ್ಯಾನಿ ಇದ್ದವರು ಬೇಡಿಕೋತಾರ. ಕಣ್ಣು ನೆಟ್ಟಗಾದ ಮ್ಯಾಲೆ ಪತ್ತಾರನ ಕಡೆ ಜೋಡಗಣ್ಣು ಮಾಡಿಸಿ ತಂದು ಕಟ್ಟತಾರ. ಆದ ಮ್ಯಾಲೆ, ಆಗೂಕಿಂತ ಮೊದಲ ಯಾರೂ ಕಟ್ಟೂದುಲ್ಲ. ಕಟ್ಟಿದ್ರು ಅಂದ್ರ 'ನನಗ ಅವ್ವ ಕಣ್ಣು ಕೊಟ್ಟಳು' ಅಂತ ಊರಿಗೆಲ್ಲಾ ಸಾರಿದಂಗ. ಅಂಥಾದ್ದಕ್ಕ ಕೈ ಹಾಕಿದ ನನ್ನ ಮಗಾ. ಪೂಜಾರಿ ಪರಮೇಶಪ್ಪ ನೋಡಿದ, ಗೌಡರಿಗೆ ಹೇಳಿದ, ಗೌಡರು ಪೊಲೀಸರಿಗೆ. ಅವರ ಮ್ಯಾಲೆ ನನಗ ಸಿಟ್ಟಿಲ್ಲ. ದೇವರದು ದೇವರಿಗೆ ಕಾಯಬೇಕಲ್ರಿ.

ಅಷ್ಟರೊಳಗ ಒಂದ ಜೋಡಿ ಅಷ್ಟ ಯಾಕ ಕದ್ದ ಅಂತ ಕೇಳತೀರಿ. ಕೇಳಬೇಕಾದ್ದ. ಗೌಡರ ಮನೀಯವರು ಕಟ್ಟಿದ್ದು ಅಂಗೈಯಗಲ ಇದ್ದುವು, ಅವನ್ನ ಮುಟ್ಟಲಿಲ್ಲ. ಸಣ್ಣಾವು, ತೆಳ್ಳನ್ನಾವು, ಒಂದ ಜೋಡಿ ಬಿಚಗೊಂಡ. ಹುಡುಗರ ಬುದ್ಧಿ. ಕೈಗೆ ಎಟುಕಿದ್ದು ಅದ ಇರಬೇಕು.

...ಹೌದ್ರಿ. ನಾ ಕಟ್ಟಿದ್ದ ಜೋಡಿ ಅದು. ಪರಮೇಶಪ್ಪ ಹೇಳಿದನೇನು ನಿಮಗ? ಬಚ್ಚಿಡೂದೇನಿಲ್ಲ. ಹ್ವಾದ ವರ್ಷ ನನ್ನ ಕಣ್ಣಿಗೆ ಮಬ್ಬ ಬಂದಿತ್ತು. ಒಲಿ ಹೊಗಿ ಅಂದ್ರು, ವಯಸ್ಸು ಅಂದ್ರು. ನಾ ಅವ್ವಗ ಬೇಡಿಕೊಂಡೆ. ನನ್ನ ಕಾಲುಂಗರ ಇದ್ದುವು, ಮನೀಯವರು ಹ್ವಾದ ದಿನಾ ತಗದಿಟ್ಟಿದ್ದು. ಅವನ್ನ ಕರಗಿಸಿ ಕಣ್ಣ ಮಾಡಿಸಿದೆ. ಕಟ್ಟಿದೆ. ಕಟ್ಟಿದ ದಿನಾ ಊರ ಹೆಣ್ಣಮಕ್ಕಳೆಲ್ಲಾ ನನ್ನ ಕಣ್ಣು ಮುಟ್ಟಿ ಮುಟ್ಟಿ ನಮಸ್ಕಾರ ಮಾಡಿದ್ರು. ಈಗೇನ್ರಿ, ನೋಡ್ರಿ, ಅಕ್ಕಿಯೊಳಗ ಹರಳ ಆರಸಾಕತ್ತೇನಿ. ಅವ್ವ ಕೊಟ್ಟಾಳ.

ಏನದು, ಟಿಕ್ ಅಂತು?

ಹರಳಾ? ನೀವ್ಯಾಕ್ರಿ ಅಕ್ಕಿ ಮೊರದಾಗ ಕೈ ಹಾಕತೀರಿ, ದೊಡ್ಡವರು, ಬಿಡ್ರಿ. ಅವು ನಾ ಆಮ್ಯಾಗ ತಗದ್ರಾತಂತ ಬಿಟ್ಟಾವು. ಮೊದಲನೇ ಸರತಿ ನೆಲ್ಲು, ಎರಡನೇ ಸರತಿ ಹರಳು. ಹಂಗ ನನ್ನ ರೀತಿ... ಮತ್ತ ಟಿಕ್ ಅಂತು. ಬಿಡ್ರಿ ಅಂದೆನಲ್ರಿ ಸಾಹೇಬ್ರ.

ಆಜೂಬಾಜೂದವರನ್ನ ಕೇಳಿ ಬಂದೀರೇನು? ಬಾಜೂಮನಿ ಹುಚ್ಚವ್ವನ್ನ? ಆಕಿ ಚಲೋ ಹೆಣಮಗಳು. ನೀರಿಗೆ ಹೋಗುವಾಗ ನನ್ನ ಕೈ ಹಿಡಕೋತಾಳಂದ್ರ ಅದು ಗೆಳೆತನ, ಮತ್ತೇನಲ್ಲ. ಆಕೀ ಬಾಯಿ ಅಷ್ಟ ಸ್ವಲ್ಪ ಸಡಲ. ಒಂದಕ್ಕ ನಾಕು ಕೂಡಿಸಿ ಹೇಳತಾಳ.

ಕಾಯ್ದೆ ನನಗ ತಿಳೀತ್ರಿ, ನೀವು ಬಿಡಿಸಿ ಹೇಳಿದ್ರಿ. ಮನಿಯೊಳಗ ಹುಡುಗನ ಮ್ಯಾಲೆ ನಿಗಾ ಇಡೋರು ಇದ್ದಾರಂತ ನೀವು ಬರದು ಕೊಟ್ರ ಜಡ್ಜ ಸಾಹೇಬ್ರು ಮನಿಗೆ ಬಿಡತಾರ. ಇಲ್ಲಾಂದ್ರ ಹದಿನೆಂಟು ತುಂಬೂತನಕ ಹುಡುಗರ ಜೇಲು. ಅಂವಗೀಗ ಹದಿಮೂರು. ಅಲ್ಲಿ ಬಡಗೀ ಕೆಲಸಾ ಕಲಸತಾರ, ಹೊಟ್ಟಿತುಂಬ ಹಾಕತಾರ ಅಂದ್ರಿ. ಇರಬೋದು. ಆದ್ರ ಅಲ್ಲಿಂದ ಬಂದ ಹುಡುಗಗ ಈ ಊರು ಏನನ್ನತೈತಿ? ಯಾರ ಹೊಲದಾಗ ಕರೀತಾರ, ಯಾರು ಹೆಣ್ಣ ಕೊಡತಾರ? ನಾ ಇದೇನಲ್ರಿ. ಕಣ್ಣಾಗ ಎಣ್ಣಿ ಬಿಟಗೊಂಡು ಕಾಯತೇನಿ. ಹೊಸ್ತಿಲಾ ದಾಟಿದ್ರ ಗೊತ್ತಾಗತೈತಿ ನನಗ, ಅವನ ಹೆಜ್ಜಿ ಸಪ್ಪಳ... ಅವನ ಬೆನ್ನು ಕಾಣೂತನಕ ನೋಡಕೊಂತ ನಿಂದರತೇನಿ.

ಹುಬ್ಬಳ್ಳ್ಯಾಗ ಅವನ್ನ ಇಟ್ಟಲ್ಲಿ ನೀವು ಮಾತಾಡಿಸಿದ್ರಂತಲ್ಲ. ಹೆಂಗದಾನ್ರಿ? ಉಣತಾನ? ಸೊರಗ್ಯಾನ? ಅಂವಾ ನಿಮ್ಮ ಮುಂದ... ಏನರ ಹೇಳಿದನೇನ್ರಿ?

ಕಾಗದ ಯಾಕ ತಿರುವಾಕತ್ತೀರಿ?

ಹೇಳಿರಂಗಿಲ್ಲ ಬಿಡ್ರಿ. ಕೋರ್ಟಿನೊಳಗ ಯಾಕ ಕದ್ದಿ ಅಂತ ಜಡ್ಜ ಸಾಹೇಬ್ರು ಎಷ್ಟ ಸಮಾಧಾನದಿಂದ ಕೇಳಿದ್ರು. ತುಟಿ ಬಿಚ್ಚಲಿಲ್ಲ. ಕಡೀತನಕ ನನ್ನ ಕಡೇನ ನೋಡಕೊಂತ ನಿಂತಿದ್ದನಂತ, ಹುಚ್ಚವ್ವ ಹೇಳಿದಳು. ನಾನೂ ನೋಡಿದೆ ಅನ್ನ್ರಿ. ನಾನೂ ನೋಡಿದೆ.

ಹಾನಗಲ್ಲ ಬಸ್ ಸ್ಟ್ಯಾಂಡಿನ್ಯಾಗ ಹಿಡದ್ರು. ಬೆಳ್ಳಿ ಕಣ್ಣು ಚಡ್ಡಿ ಕಿಸೇದಾಗ ಇದ್ದುವು. ಮಿರಜಿಗೆ ಯಾವ ಬಸ್ಸು, ಎಲ್ಲಿ ಇಳೀಬೇಕು ಅಂತ ಕಂಡಕ್ಟರನ ಕೇಳಾಕತ್ತಿದ್ದನಂತ. ಸಿನೇಮಾ ನೋಡಾಕ ಹೊಂಟಾನ ಅಂತ ಪೊಲೀಸರು ಬರದ್ರು. ನಾನೂ ಹೌದಂದೆ. ಮಿರಜಿನ್ಯಾಗ ದೊಡ್ಡ ಕಣ್ಣಿನ ದವಾಖಾನಿ ಐತಂತೀರಿ? ಇರಬೋದು. ಗಟ್ಟಿಮುಟ್ಟ ಹುಡುಗ, ಅಂವಗ್ಯಾಕ ದವಾಖಾನಿ? ಸಿನೇಮಾನ ಇರಬೇಕ್ರಿ. ಒಮ್ಮೆ ಅಕ್ಕಿಆಲೂರಾಗ ಟೆಂಟಿನ ಹೊರಗ ನಿಂತು ಬರೇ ಹಾಡ ಕೇಳಿ ಬಂದಿದ್ದ. ನನ್ನ ಮುಂದ ಕುಣದು ತೋರಿಸಿದ. ಹುಚ್ಚಪ್ಯಾಲಿ, ಈಗ ಹಿಂಗ ಕೈ ಮಾಡೇನಿ ಅವ್ವಾ, ಈಗ ಹಂಗ ಕೈ ಮಾಡೇನಿ ಅಂತ ಎಲ್ಲಾ ಬಾಯೀಲೆ ಹೇಳಿಕೊಂತ ಕುಣೀತಿದ್ದ.

ಬಾಯೀಲೆ ಯಾಕ ಹೇಳಬೇಕು ಅಂತೀರಿ? ಹುಡುಗರು, ಬಾಯಿ ಸುಮ್ಮನ ಇರತೈತೇನ್ರಿ.

ಅಂವಾ ನಾಸ್ತಿಕ ಅಲ್ಲ, ಅದೊಂದ ಬರಕೋರಿ. ಅವ್ವನ ಮ್ಯಾಲೆ ಭಕ್ತಿ ಐತಿ. ನಾ ಕಣ್ಣು ಕಟ್ಟಿ ಬಂದ ದಿನಾ ಅಷ್ಟ ಸಿಟ್ಟಿಗೆದ್ದಿದ್ದ. 'ಆಕಿ ಕೊಡೂಕಿಂತ ಮೊದಲ ನೀ ಯಾಕ ಕೊಟ್ಟಿ' ಅಂತ... ಅಲ್ಲಲ್ಲ. ಹಂಗಲ್ರಿ. ಬ್ಯಾರೇ ಮಾತು ಅದು. ಸಣ್ಣ ಹುಡುಗಗ ನಂಬಿಗಿ ಅಂದ್ರ ಏನ ತಿಳೀತೈತಿ? ಕೊಟ್ಟ ಮ್ಯಾಲೆ ಕೊಡೂದು ಸಂತಿ ವ್ಯವಹಾರ. ಮೊದಲ ಕೊಟ್ಟು ಕೈಮುಗದು ನಿಂದರೂದು ಭಕ್ತಿ. ಆಗೈತಿ ಅಂದ್ರ ಆಗತೈತಿ. ಇವತ್ತಿಲ್ಲಾಂದ್ರ ನಾಳೆ. ಅವ್ವ ಮಾತಿಗೆ ತಪ್ಪಾಕಿ ಅಲ್ಲ, ನಾವು ತಡಕೊಳ್ಳೂದುಲ್ಲ ಅಷ್ಟ. ನಾ ಇದನ್ನ ಸುಮ್ಮನ ಹೇಳಿದೆ, ಬರಕೋಬ್ಯಾಡ್ರಿ.

ಕಾರಣ ಏನರ ಇದ್ರ ಹೇಳು, ಜಡ್ಜ ಸಾಹೇಬ್ರು ಕರುಣಾ ತೋರಸತಾರ ಅಂತೀರಿ. ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಕಾರಣ ಹೇಳಿದ್ರ ಹುಡುಗ ಕಳ್ಳ ಅನ್ನೂ ಹೆಸರು ಹೋಗತೈತಿ, ಖರೆ. ಆದ್ರ ಆ ಕಾರಣ ಕೇಳಿದ ಮ್ಯಾಲೆ ಅವನ್ನ ಈ ಮನಿಗೆ ಬಿಡತೀರೇನ್ರಿ? ಇಂಥಾ ತಾಯಿ ಕೈಯಾಗ ಕೊಡತೀರೇನ್ರಿ?

...ಏನಿಲ್ಲ. ಯಾವ ಕಾರಣಾನೂ ಇಲ್ಲ. ಸಿನೇಮಾ.

ಏಳಾಕತ್ತೀರೇನು? ಕಂಬಳಿ ಸರದಂಗಾತು. ಒಂದೀಟ ನಿಂದರ್ರಿ, ತೋರಸೂದೊಂದ ಉಳದೈತಿ. ಜಗಲಿ ಮ್ಯಾಲೆ ನಂದಾದೀಪ ನೋಡ್ರಿ. ಭರಮ್ಯಾನ್ನ ಒಯ್ದ ದಿನಾ ಹಚ್ಚಿದ್ದು. 'ಇದು ಆರೂದರೊಳಗ ನನ್ನ ಮಗನ್ನ ಮನಿಗೆ ತಂದು ಕೊಡವ್ವಾ' ಅಂತ ಬೇಡಿಕೊಂಡೇನಿ. ನಾ ಉಂಡಿಲ್ಲದ ದಿನಾ ಇರಬೋದು, ಅದಕ್ಕ ಎಣ್ಣಿ ತಪ್ಪಿಲ್ಲ. ನಡುರಾತ್ರಿ ಎದ್ದು ಕೈ ಹಿಡದು... ಎದ್ದು ನೋಡತೇನಿ. ಬತ್ತಿ ಕುಡಿ ಚಿವುಟತೇನಿ. ನೀವು ಬರತೀರಂತ ಇವತ್ತ ಊದಿನಕಡ್ಡೀನೂ ಹಚ್ಚೇನಿ, ಮನೀತುಂಬ ಪರಿಮಳ ಐತಿ ನೋಡ್ರಿ. ಇದನ್ನ ಅಷ್ಟು ಬರಕೊಂಡು ಹೋಗ್ರಿ. ಹುಡುಗನ ಮನಿಯೊಳಗ ದೀಪಾ ಉರಿಯಾಕತ್ತಿತ್ತು, ಅವನ ತಾಯಿ ಅದನ್ನ ಆರಗೊಡದಂಗ ಕಾಯತಿದ್ದಳು. ಇಷ್ಟು ನೋಡಕೊಳ್ಳಾಕಿ ಹಡದ ಮಗನ್ನ ನೋಡಕೊಳ್ಳೂದುಲ್ಲೇನ್ರಿ? ನೋಡ್ರಿ, ಎಷ್ಟ ನೆಟ್ಟಗ ಉರಿಯಾಕತ್ತೈತಿ. ಬಾಗಲಾ ಪೂರಾ ತಗದಿದ್ರೂ, ಇಷ್ಟ ಗಾಳಿ ಇದ್ರೂ, ಒಂಚೂರು ಅಲುಗವಲ್ದು.

ಅಲ್ರಿ?

ಸಾಹೇಬ್ರ?

ಉರಿಯಾಕತ್ತೈತಿ ಅಲ್ರಿ?

ನಡದ್ರೇನು? ಎತ್ತ ಹೊಂಟ್ರಿ, ಬಾಗಲಾ ಈ ಕಡೆ ಐತಿ. ಅದು ಜಗಲಿ. ಜಗಲಿ ಹತ್ರ ಏನ ಮಾಡಾಕತ್ತೀರಿ?

ಕಡ್ಡಿ ಗೀರಿದ ಸಪ್ಪಳಾತು.

ಬೀಡಿ ಹಚ್ಚಿದ್ರೇನ್ರಿ? ಹಚ್ಚ್ರಿ. ಇಲ್ಲೇ ಸೇದ್ರಿ, ಅವ್ವ ಏನೂ ಅನ್ನೂದುಲ್ಲ. ಚಟಾ ಇಲ್ಲಂದಿದ್ರಿ, ಇರಲಿ, ದೊಡ್ಡವರ ಮುಂದ ಹಂಗ ಅನ್ನತಾರ.

ಬೀಡಿ ವಾಸನಿ ಬರವಲ್ದು.

ಸಾಹೇಬ್ರ... ಬೀಡಿ ಅನ್ನ್ರಿ. ಒಮ್ಮೆ ಬಾಯಿಬಿಟ್ಟು, ಬೀಡಿ ಹಚ್ಚಿದೆ ಅನ್ನ್ರಿ.